ಜೋಳಕ್ಕೆ ಸಿಕ್ಕ ಸಂಶೋಧನೆ ನಮ್ಮ ಮಕ್ಕಳಿಗೂ ಸಿಗಲಿ

(ವಿಜಯಪುರದಲ್ಲಿ ಅಂಗನವಾಡಿ ಮೇಲ್ವಿಚಾರಕಿಯರು, ಶಾಲಾ ಶಿಕ್ಷಕರು ಮತ್ತು ಬಿ.ಎಡ್. ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇವತ್ತಿನ ವಿಷಯ ಆರು ವರ್ಷದೊಳಗಿನ ಮಕ್ಕಳದ್ದು. ಆದರೆ ಮಾತು ಜೋಳದಿಂದ ಶುರು ಮಾಡುತ್ತೇನೆ.

1930ರ ದಶಕದಲ್ಲಿ ಆಗಿನ ಸರ್ಕಾರ ಒಣಬೇಸಾಯದ ಬಗ್ಗೆ ಸಂಶೋಧನೆ ಮಾಡಿಸಲು ದೇಶದ ಐದು ಕಡೆ ಕೇಂದ್ರಗಳನ್ನು ತೆರೆಯಿತು. ಸೊಲ್ಲಾಪುರ, ರಾಯಚೂರು, ಬಳ್ಳಾರಿ ಕಡೆಯ ಹಗರಿ, ಉತ್ತರದ ರೋಹ್ಟಕ್ ಮತ್ತು ನಮ್ಮ ಬಿಜಾಪುರ. ಸ್ವಾತಂತ್ರ್ಯ ಬಂದ ಮೇಲೆ 1970ರಲ್ಲಿ ಅಖಿಲ ಭಾರತ ಒಣಬೇಸಾಯ ಸಮನ್ವಯ ಯೋಜನೆ ಶುರುವಾಯಿತು. ಅದರ ಒಂದು ಕೇಂದ್ರ ಇವತ್ತಿಗೂ ಇಲ್ಲೇ ಇದೆ. ನಮ್ಮ ಎರೆ ಭೂಮಿ ಎಷ್ಟು ನೀರು ಹಿಡಿಯುತ್ತದೆ, ಹಿಂಗಾರಿ ಜೋಳವನ್ನು ಯಾವ ವಾರ ಬಿತ್ತಬೇಕು, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡಬೇಕು, ಬದು ಎಲ್ಲಿ ಹಾಕಬೇಕು, ಮಳೆ ನೀರು ಇಂಗಲು ಹೊಲದಲ್ಲಿ ಚೌಕು ಮಡಿ ಮಾಡಿದರೆ ಇಳುವರಿ ಎಷ್ಟು ಏರುತ್ತದೆ ಎಂದು ತಲೆಮಾರುಗಳಿಂದ ಅಳೆಯುತ್ತಾ ಬಂದಿದ್ದಾರೆ. ಮಳೆ ಕೈಕೊಟ್ಟ ವರ್ಷವೂ ಅಳೆದರು. ಬೆಳೆ ಒಣಗಿ ಹೋದ ವರ್ಷವೂ ಅದನ್ನು ಬರೆದಿಟ್ಟರು. ಅದಕ್ಕೆ ಸರ್ಕಾರ ಪ್ರತಿ ವರ್ಷ ಹಣ ಕೊಟ್ಟಿದೆ.

ಯಾಕೆ ಕೊಟ್ಟಿತು? ಪಂಜಾಬಿನಲ್ಲಿ ನಡೆದದ್ದು ನಮ್ಮ ಡೋಣಿ ನದಿಯ ಸಾಲಿನಲ್ಲಿ ನಡೆಯಲ್ಲ ಅಂತ ಗೊತ್ತಿತ್ತು. ನೆಲ ಬೇರೆ, ಮಳೆ ಬೇರೆ. ಹಾಗಾಗಿ ಇಲ್ಲಿಯ ಪ್ರಶ್ನೆಗೆ ಇಲ್ಲೇ ಉತ್ತರ ಹುಡುಕಬೇಕು, ಒಂದು ವರ್ಷ ನೋಡಿ ಬಿಟ್ಟರೆ ಸಾಲದು ಅಂತ ಎಲ್ಲರೂ ಒಪ್ಪಿದ್ದರು. ಇದು ಬಹಳ ಒಳ್ಳೆಯ ತಿಳಿವಳಿಕೆ. ಇದೇ ತಿಳಿವಳಿಕೆಯನ್ನು ಇದೇ ಜಿಲ್ಲೆಯ ಮೂರು ವರ್ಷದ, ನಾಲ್ಕು ವರ್ಷದ ಮಗುವಿನ ವಿಷಯದಲ್ಲಿ ನಾವು ಯಾಕೆ ತೋರಿಸಿಲ್ಲ? ನಾನು ಇಲ್ಲಿಗೆ ಬಂದಿರುವುದು ಈ ಒಂದು ಪ್ರಶ್ನೆ ಹಿಡಿದುಕೊಂಡು.

ಮಕ್ಕಳಿಗಾಗಿ ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ 100 ಅಂಗನವಾಡಿಗಳಿಂದ ಆರಂಭ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಇಷ್ಟು ದೊಡ್ಡ ಜಾಲ, ಇಷ್ಟು ಹಳ್ಳಿ, ತಾಂಡಾ, ಓಣಿಗಳ ತನಕ ಹೋದ ವ್ಯವಸ್ಥೆ ಜಗತ್ತಿನಲ್ಲೇ ಅಪರೂಪ. ಇಲ್ಲಿ ಕೂತಿರುವ ಮೇಲ್ವಿಚಾರಕಿಯರು ಅದನ್ನು ನಡೆಸುತ್ತಿರುವವರು.

ಹಣವೂ ಇದೆ. 2025-26ರ ಕೇಂದ್ರ ಬಜೆಟ್‌ನಲ್ಲಿ ಅಂಗನವಾಡಿಗಳನ್ನು ಈಗ ನಡೆಸುವ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0 ಯೋಜನೆಗೆ 21,960 ಕೋಟಿ ರೂಪಾಯಿ ಇಟ್ಟಿದ್ದರು. ಇದರ ಮೇಲೆ ರಾಜ್ಯದ ಪಾಲು ಬೇರೆ. ಈ ಹಣ ಕಡಿಮೆಯಾಯಿತು ಎಂದು ವಾದ ಮಾಡಬಹುದು, ನಾನೂ ಮಾಡುತ್ತೇನೆ. ಕಾರ್ಯಕರ್ತೆಯ ಗೌರವಧನದಲ್ಲಿ ಕೇಂದ್ರ ಲೆಕ್ಕ ಹಿಡಿಯುವ ಮೊತ್ತ 2018ರಲ್ಲಿ 4,500 ರೂಪಾಯಿಗೆ ಏರಿದ್ದು, ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಅದು ಇನ್ನೊಂದು ದಿನದ ಮಾತು. ಇವತ್ತು ನಾನು ಕೇಳುವುದು ಬೇರೆ. ಇಷ್ಟು ಸಾವಿರ ಕೋಟಿ ಖರ್ಚಾದ ಮೇಲೆ ಮಗುವಿನ ಮಾತು ಎಷ್ಟು ಬೆಳೆಯಿತು, ಕುತೂಹಲ ಎಷ್ಟು ಬೆಳೆಯಿತು, ಒಂದನೇ ತರಗತಿಗೆ ಹೋದಾಗ ಅದು ಗಟ್ಟಿಯಾಗಿ ನಿಂತಿತೋ ಮೂಲೆ ಹಿಡಿಯಿತೋ ಎಂದು ನೋಡುವುದಕ್ಕೆ ಎಷ್ಟು ಹಣ ಇಟ್ಟಿದ್ದೇವೆ?

ನೀವು ಹೇಳಬಹುದು, ಮೇಡಂ, ನಾವು ದಿನಾ ಅಳೆಯುತ್ತೇವಲ್ಲ, ತೂಕ, ಎತ್ತರ, ಹಾಜರಿ, ಎಲ್ಲ ಪೋಷಣ್ ಟ್ರ್ಯಾಕರ್‌ನಲ್ಲಿ ಹಾಕುತ್ತೇವಲ್ಲ ಅಂತ. ನಿಜ. 2021ರಿಂದ ಆ ಆ್ಯಪ್ ಇದೆ, ಕೋಟಿಗಟ್ಟಲೆ ಮಕ್ಕಳ ಲೆಕ್ಕ ಅದರಲ್ಲಿದೆ. ಆದರೆ ಲೆಕ್ಕ ಇಡುವುದು ಬೇರೆ, ಸಂಶೋಧನೆ ಬೇರೆ. ಎಷ್ಟು ಮಕ್ಕಳಿಗೆ ಊಟ ಕೊಟ್ಟಿರಿ ಎಂದು ಆ್ಯಪ್ ಕೇಳುತ್ತದೆ. ಊಟ ಮಾಡಿದ ಮಗುವಿನ ಜೊತೆ ಆ ದಿನ ಯಾರಾದರೂ ಹತ್ತು ನಿಮಿಷ ಕೂತು ಮಾತಾಡಿದರಾ ಎಂದು ಅದು ಕೇಳುವುದಿಲ್ಲ. ರಾಜ್ಯದಲ್ಲಿ ಮೌಲ್ಯಮಾಪನ ಪ್ರಾಧಿಕಾರವೂ ಇದೆ, ಯೋಜನೆಗಳನ್ನು ಪರಿಶೀಲಿಸುತ್ತದೆ, ಅದೂ ಬೇಕು. ಆದರೆ ಯೋಜನೆ ಮುಗಿದ ಮೇಲೆ ಹೋಗಿ ನೋಡಿದರೆ ಏನಾಯಿತು ಎಂಬುದು ಅಷ್ಟಿಷ್ಟು ತಿಳಿಯುತ್ತದೆ. ಯಾಕಾಯಿತು ಎಂದು ತಿಳಿಯಬೇಕಾದರೆ ಮೊದಲಿನಿಂದಲೇ ಜೊತೆಗಿರಬೇಕು.

ನಾನು ನೋಡಿದ ಒಂದು ಅಂಗನವಾಡಿಯ ಬೆಳಗ್ಗೆ ಹೇಳುತ್ತೇನೆ. ಈ ಜಿಲ್ಲೆಯದೇ ಒಂದು ತಾಂಡಾ. ಹನ್ನೊಂದು ಗಂಟೆ ಸುಮಾರು. ಸಹಾಯಕಿ ಹಾಲಿನ ಪುಡಿ ಕದಡಿ ಕಾಸುತ್ತಿದ್ದರು. ಕಾರ್ಯಕರ್ತೆ ಬಾಗಿಲ ಹೊರಗೆ ಬೇವಿನ ಗಿಡದ ಹತ್ತಿರ ಫೋನ್ ಎತ್ತಿ ಹಿಡಿದು ನಿಂತಿದ್ದರು. ನನ್ನನ್ನು ನೋಡಿ, "ಇಲ್ಲಿ ಒಂದೀಟ್ ನೆಟ್‌ವರ್ಕ್ ಬರ್ತದ ನೋಡ್ರಿ ಮೇಡಂ. ಈಗ ಫೋಟೋ ಹಾಕ್ಲಿಲ್ಲಂದ್ರ ಸಂಜೀಮಟ ಆಗಂಗಿಲ್ರಿ" ಅಂದರು. ಒಳಗೆ ಮಕ್ಕಳು ಗೋಡೆಗೆ ಒರಗಿ ಕೂತಿದ್ದವು. ಗೋಡೆಯ ಮೇಲೆ ಚಂದದ ಚಿತ್ರಗಳು, ಅಕ್ಷರಗಳು, ಹಣ್ಣುಗಳು.

ನಾಲ್ಕು ವರ್ಷದ ಒಂದು ಹುಡುಗಿ ನೆಲದ ಮೇಲೆ ಹುಣಸೆ ಬೀಜ ಹರಡಿಕೊಂಡು ಕೂತಿತ್ತು. ಎಷ್ಟಿವೆ ಎಂದು ನಾನು ಕನ್ನಡದಲ್ಲಿ ಕೇಳಿದೆ. ಸುಮ್ನೆ ನನ್ನ ಮುಖ ನೋಡಿತು. ಮತ್ತೆ ಕೇಳಿದೆ. ತಲೆ ತಗ್ಗಿಸಿತು. ಕಾರ್ಯಕರ್ತೆ ಒಳಗೆ ಬಂದವರು, "ಇಕೀಗಿ ಇನ್ನಾ ಎಣಿಸಾಕ ಬರಂಗಿಲ್ರಿ" ಅಂದರು. ಅಷ್ಟರಲ್ಲಿ ಮೊಮ್ಮಗನನ್ನು ಬಿಡಲು ಬಂದಿದ್ದ ಒಬ್ಬ ಅಜ್ಜಿ ಅದೇ ಪ್ರಶ್ನೆಯನ್ನು ಲಂಬಾಣಿ ಭಾಷೆಯಲ್ಲಿ ಕೇಳಿದರು. ಹುಡುಗಿ ಒಂದೊಂದೇ ಬೀಜ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಾ ಒಂಬತ್ತರ ತನಕ ಎಣಿಸಿತು. ಒಂದೂ ತಪ್ಪಲಿಲ್ಲ. ಕೊನೆಗೆ ಎರಡು ಬೀಜ ಅಜ್ಜಿಯ ಕೈಗೆ ಕೊಟ್ಟು, ಉಳಿದದ್ದು ಏಳು ಅಂತಲೂ ಹೇಳಿತು. ಅದು ಕಳೆಯುವ ಲೆಕ್ಕ. ಯಾರೂ ಕಲಿಸಿರಲಿಲ್ಲ.

ಆ ಕಾರ್ಯಕರ್ತೆಯ ತಪ್ಪು ಅಂತ ದಯವಿಟ್ಟು ತಿಳಿಯಬೇಡಿ. ಆಕೆ ಪಕ್ಕದ ಊರಿನವರು, ಲಂಬಾಣಿ ಬರುವುದಿಲ್ಲ. ಆಕೆಯ ಕೈಯಲ್ಲಿದ್ದ ಕಲಿಕಾ ಪಟ್ಟಿಯಲ್ಲಿ "10ರವರೆಗೆ ಎಣಿಸುತ್ತದೆ: ಹೌದು / ಇಲ್ಲ" ಅಂತ ಇತ್ತು. ಯಾವ ಭಾಷೆಯಲ್ಲಿ ಅಂತ ಇರಲಿಲ್ಲ. ಆ ಹುಡುಗಿಯ ಹೆಸರಿನ ಮುಂದೆ "ಇಲ್ಲ" ಅಂತ ಬಿದ್ದಿತ್ತು.

ಈಗ ಯೋಚಿಸಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಎಷ್ಟು ತಾಂಡಾಗಳಿವೆ! ಇಂಡಿ, ಚಡಚಣದ ಕಡೆ, ಬೆಳಗಾವಿಯ ಗಡಿ ಊರುಗಳಲ್ಲಿ ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು ಎಷ್ಟು! ವಿಜಯಪುರ ನಗರದೊಳಗೆ ಉರ್ದು ಮಾತಾಡುವ ಮಕ್ಕಳು ಎಷ್ಟು! ಈ ಮಕ್ಕಳಿಗೆ ಕನ್ನಡ ಹೇಗೆ ಹತ್ತಿರವಾಗಬೇಕು? ಮೊದಲ ಆರು ತಿಂಗಳು ಮನೆ ಮಾತಿನಲ್ಲಿ ನಡೆಸಿ ನಿಧಾನವಾಗಿ ಕನ್ನಡ ತಂದರೆ ಒಳ್ಳೆಯದೋ, ಎರಡನ್ನೂ ಜೊತೆಗೆ ನಡೆಸಿದರೆ ಒಳ್ಳೆಯದೋ? ತಾಂಡಾದ ಅಜ್ಜಿಯರನ್ನು ವಾರಕ್ಕೆ ಎರಡು ದಿನ ಕತೆ ಹೇಳಲು ಕರೆದರೆ ಏನಾಗುತ್ತದೆ? ಇದಕ್ಕೆ ದೆಹಲಿಯಲ್ಲಿ ಉತ್ತರ ಇಲ್ಲ. ಬೆಂಗಳೂರಿನಲ್ಲೂ ಇಲ್ಲ. ಇಲ್ಲೇ ಮಾಡಿ ನೋಡಬೇಕು.

ಇನ್ನೊಂದು ಪ್ರಶ್ನೆಯೂ ನಮ್ಮದೇ. ದೀಪಾವಳಿ ಮುಗಿಯುತ್ತಿದ್ದಂತೆ ಕಬ್ಬು ಕಡಿಯಲು ಗ್ಯಾಂಗ್‌ಗಳು ಹೊರಡುತ್ತವೆ. ಬಾಗಲಕೋಟೆ, ಬೆಳಗಾವಿಯ ಫ್ಯಾಕ್ಟರಿಗಳ ಕಡೆಗೆ, ಸಾಂಗ್ಲಿ, ಕೊಲ್ಹಾಪುರದ ಕಡೆಗೆ. ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುವವರು ಬೇರೆ. ದೊಡ್ಡ ಮಕ್ಕಳನ್ನು ಅಜ್ಜ ಅಜ್ಜಿಯ ಹತ್ತಿರ ಬಿಡಬಹುದು, ಸಣ್ಣವನ್ನು ಬಿಡಲು ಆಗುವುದಿಲ್ಲ. ಅವು ಹೋಗುತ್ತವೆ. ನಾಲ್ಕೈದು ತಿಂಗಳು ಗದ್ದೆಯ ಬದುವಿನಲ್ಲಿ, ಗುಡಿಸಲಿನಲ್ಲಿ ಇರುತ್ತವೆ. ಯುಗಾದಿ ಹೊತ್ತಿಗೆ ತಿರುಗಿ ಬರುತ್ತವೆ. ಅಷ್ಟರಲ್ಲಿ ಮರೆತದ್ದು ಏನು? ಹೊಸದಾಗಿ ಕಲಿತದ್ದು ಏನು? ಕಬ್ಬಿನ ಗದ್ದೆಯಲ್ಲಿ ಬೆಳೆದ ಐದು ವರ್ಷದ ಹುಡುಗನಿಗೆ ಎತ್ತಿನ ಗಾಡಿ, ಗಂಟು, ಅಳತೆ, ತೂಕದ ಬಗ್ಗೆ ಬಹಳ ಗೊತ್ತಿರುತ್ತದೆ. ಅದನ್ನು ಹಿಡಿದು ಕಲಿಸಲು ಬರುತ್ತದೋ? ಹೋದ ಕಡೆ ಆ್ಯಪ್‌ನಲ್ಲಿ ಹೆಸರು ವರ್ಗಾಯಿಸುವ ಅವಕಾಶ ಇದೆ. ಅದರಿಂದ ರೇಷನ್ ಸಿಗಬಹುದು. ಕಲಿಕೆಯ ಕೊಂಡಿ ಮಾತ್ರ ಅಲ್ಲಿಗೆ ಕಳಚುತ್ತದೆ.

ಸರ್ಕಾರದ ಹಣದಿಂದ ಇಂಥ ಸಂಶೋಧನೆ ನಡೆದರೆ ಏನು ಪ್ರಯೋಜನ ಎಂದು ತೋರಿಸಲು ಹೊರಗಿನ ಕೆಲವು ಉದಾಹರಣೆ ಕೊಡುತ್ತೇನೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇವನ್ನು ಬರೀ ಹೆಸರು ಹೇಳಿ ಮುಂದೆ ಹೋಗುವವರೇ ಜಾಸ್ತಿ.

1962ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ ಬಡ ಕಪ್ಪು ಕುಟುಂಬಗಳ 123 ಮಕ್ಕಳ ಮೇಲೆ ಒಂದು ಅಧ್ಯಯನ ಶುರುವಾಯಿತು. ಪೆರ್ರಿ ಪ್ರಿಸ್ಕೂಲ್ ಅಧ್ಯಯನ ಅಂತ ಹೆಸರು. 58 ಮಕ್ಕಳಿಗೆ ಒಳ್ಳೆಯ ಶಿಶುವಿಹಾರ, ಜೊತೆಗೆ ವಾರಕ್ಕೊಮ್ಮೆ ಶಿಕ್ಷಕಿ ಮನೆಗೆ ಹೋಗಿ ತಾಯಿಯ ಜೊತೆ ಕೂರುವುದು. ಉಳಿದ 65 ಮಕ್ಕಳಿಗೆ ಇದಿಲ್ಲ. ಮೊದಲು ಶಿಶುವಿಹಾರದ ಮಕ್ಕಳ ಬುದ್ಧಿಮತ್ತೆಯ ಅಂಕ ಚೆನ್ನಾಗಿ ಏರಿತು. ಎಲ್ಲರಿಗೂ ಸಂತೋಷ. ಆಮೇಲೆ ಎಂಟು ವರ್ಷದ ಹೊತ್ತಿಗೆ ಎರಡೂ ಗುಂಪಿನ ಅಂಕ ಹೆಚ್ಚುಕಡಿಮೆ ಸಮ ಆಗಿಬಿಟ್ಟಿತು. ಅಲ್ಲಿಗೆ ಹಣ ನಿಲ್ಲಿಸಿದ್ದರೆ "ಶಿಶುವಿಹಾರದಿಂದ ಉಪಯೋಗ ಇಲ್ಲ" ಎಂದು ಬರೆದು ಫೈಲ್ ಮುಚ್ಚುತ್ತಿದ್ದರು. ಅವರು ನಿಲ್ಲಿಸಲಿಲ್ಲ. ಅದೇ ಮಕ್ಕಳನ್ನು 40 ವರ್ಷ ವಯಸ್ಸಿನ ತನಕ, ಅದರಾಚೆಗೂ ನೋಡಿದರು. ಆಗ ಗೊತ್ತಾಯಿತು. ಶಿಶುವಿಹಾರಕ್ಕೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ಜಾಸ್ತಿ, ಸಂಪಾದನೆ ಜಾಸ್ತಿ, ಪೊಲೀಸ್ ಕೈಗೆ ಸಿಕ್ಕವರು ಕಡಿಮೆ. 2000ದಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಲೆಕ್ಕ ಹಾಕಿ, ಹಾಕಿದ ಹಣಕ್ಕೆ ವರ್ಷಕ್ಕೆ ಶೇ 7ರಿಂದ 10ರಷ್ಟು ಪ್ರತಿಫಲ ಸಮಾಜಕ್ಕೆ ಬಂದಿದೆ ಎಂದು ತೋರಿಸಿದರು.

ಎರಡನೆಯ ಉದಾಹರಣೆ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಅಮೆರಿಕ ಸರ್ಕಾರ 1965ರಿಂದ ಹೆಡ್ ಸ್ಟಾರ್ಟ್ ಎಂಬ ಯೋಜನೆ ನಡೆಸುತ್ತಿದೆ. ನಮ್ಮ ಅಂಗನವಾಡಿಯ ಹಾಗೆಯೇ ಬಡ ಮಕ್ಕಳಿಗೆ ಕಲಿಕೆ, ಊಟ, ಆರೋಗ್ಯ ಎಲ್ಲ ಸೇರಿದ್ದು. 1998ರಲ್ಲಿ ಅಲ್ಲಿಯ ಸಂಸತ್ತು, ಇದರ ಪರಿಣಾಮವನ್ನು ಸರಿಯಾಗಿ ಅಧ್ಯಯನ ಮಾಡಲೇಬೇಕು ಎಂದು ಕಾನೂನಿನಲ್ಲೇ ಬರೆಯಿತು. ಸುಮಾರು 5 ಸಾವಿರ ಮಕ್ಕಳನ್ನು ಆರಿಸಿದರು. ಫಲಿತಾಂಶ 2010ರಲ್ಲಿ ಬಂತು. ಮೊದಲಿಗೆ ಸಿಕ್ಕ ಲಾಭ ಒಂದನೇ ತರಗತಿ ಮುಗಿಯುವ ಹೊತ್ತಿಗೆ ಬಹುಪಾಲು ಕರಗಿತ್ತು. ಸರ್ಕಾರ ತನ್ನದೇ ಯೋಜನೆಯ ಬಗ್ಗೆ, ತನ್ನದೇ ಹಣದಿಂದ, ಬೇಸರದ ಸುದ್ದಿಯನ್ನು ಮುಚ್ಚಿಡದೆ ಪ್ರಕಟಿಸಿತು. ಯೋಜನೆ ನಿಲ್ಲಿಸಲಿಲ್ಲ. ಗುಣಮಟ್ಟ ಇಲ್ಲದ ಸಂಸ್ಥೆಗಳು ಅನುದಾನಕ್ಕಾಗಿ ಮತ್ತೆ ಪೈಪೋಟಿ ಮಾಡಬೇಕು ಎಂಬ ನಿಯಮವನ್ನು 2011ರಲ್ಲಿ ತಂದರು. ಕೆಟ್ಟ ಸುದ್ದಿ ಹೇಳುವ ಸ್ವಾತಂತ್ರ್ಯ ಇಲ್ಲದಿದ್ದರೆ ಅಧ್ಯಯನಕ್ಕೆ ಬೆಲೆ ಇಲ್ಲ. ಟೆನೆಸ್ಸೀ ರಾಜ್ಯದ್ದೂ ಇಂಥದೇ ಕತೆ. ಸರ್ಕಾರಿ ಪೂರ್ವ ಪ್ರಾಥಮಿಕ ತರಗತಿಗೆ ಹೋದ ಮಕ್ಕಳು ಆರನೇ ತರಗತಿ ಹೊತ್ತಿಗೆ ಹೋಗದವರಿಗಿಂತ ಹಿಂದೆ ಬಿದ್ದಿದ್ದರು ಎಂದು 2022ರಲ್ಲಿ ಗೊತ್ತಾಯಿತು. ಅಂದರೆ ಶಾಲೆಯನ್ನು ಬೇಗ ಶುರು ಮಾಡಿದರೆ ಸಾಕು, ಒಳ್ಳೆಯದೇ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಎಲ್‌ಕೆಜಿ ಹೆಸರಿನಲ್ಲಿ ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಸಾಲು ತುಂಬಿಸುವ ನಾವೆಲ್ಲ ಇದನ್ನು ಓದಬೇಕು.

ಬ್ರಿಟನ್ನಿನಲ್ಲಿ 1997ರಲ್ಲಿ ಶಿಕ್ಷಣ ಇಲಾಖೆಯೇ ಹಣ ಕೊಟ್ಟು ಸುಮಾರು 3 ಸಾವಿರ ಮಕ್ಕಳನ್ನು ಮೂರು ವರ್ಷದಿಂದ ಹದಿನಾರು ವರ್ಷದ ತನಕ ನೋಡಿಸಿತು. 141 ಶಿಶು ಕೇಂದ್ರಗಳು. ಸರ್ಕಾರಗಳು ಬದಲಾದವು, ಅಧ್ಯಯನ ನಡೆಯಿತು. ಒಳ್ಳೆಯ ಕೇಂದ್ರದ ಲಾಭ ವರ್ಷಗಟ್ಟಲೆ ಉಳಿಯುತ್ತದೆ ಎಂದು ಅಲ್ಲಿ ಕಂಡಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಮಾತು ಇನ್ನೊಂದು. ತಂದೆ ತಾಯಿ ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ ಎನ್ನುವುದಕ್ಕಿಂತ ಮನೆಯಲ್ಲಿ ಮಗುವಿನ ಜೊತೆ ಏನು ಮಾಡುತ್ತಾರೆ ಎನ್ನುವುದು ಮುಖ್ಯ. ಹಾಡು, ಕತೆ, ಆಟ, ಎಣಿಕೆ. ಓದು ಬರಹ ಬಾರದ ನಮ್ಮ ತಾಯಂದಿರಿಗೆ ಇದಕ್ಕಿಂತ ಧೈರ್ಯದ ಮಾತು ಯಾವುದಿದೆ? ಆದರೆ ಇದು ಇಂಗ್ಲೆಂಡಿನ ಮಾತು. ಬೀಸುಕಲ್ಲಿನ ಪದ ಹಾಡುವ, ಒಗಟು ಹಾಕುವ ನಮ್ಮ ಹಳ್ಳಿಯ ಮನೆಗಳಲ್ಲಿ ಅದು ಹೇಗೆ ನಡೆಯುತ್ತದೆ ಎಂದು ಅಷ್ಟೇ ದೊಡ್ಡ ಪ್ರಮಾಣದಲ್ಲಿ, ಅಷ್ಟೇ ವರ್ಷ ನೋಡಿದ ಅಧ್ಯಯನ ನಮಗೂ ಬೇಕಲ್ವಾ?

ನಮ್ಮ ದೇಶಕ್ಕೆ ಬರೋಣ. ಒಳ್ಳೆಯ ಕೆಲಸ ಆಗಿದೆ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಮತ್ತು ಮಕ್ಕಳ ಕಲಿಕೆಯ ಸಮೀಕ್ಷೆ ಮಾಡುವ ಅಸರ್ ಸೆಂಟರ್ ಸೇರಿ 2011ರಿಂದ 2016ರ ತನಕ ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕು ವರ್ಷದಿಂದ ಎಂಟು ವರ್ಷದವರೆಗೆ ನೋಡಿದವು. ಮಕ್ಕಳು ಅಂಗನವಾಡಿಯಿಂದ ಖಾಸಗಿ ಶಾಲೆಗೆ, ಅಲ್ಲಿಂದ ಒಂದನೇ ತರಗತಿಗೆ, ಮತ್ತೆ ಹಿಂದಕ್ಕೆ ಓಡಾಡುತ್ತಾರೆ, ನಾವು ಕಾಗದದಲ್ಲಿ ಬರೆದಂತೆ ಮೆಟ್ಟಿಲು ಹತ್ತುವುದಿಲ್ಲ ಎಂದು ಅದು ತೋರಿಸಿತು. ಐದು ವರ್ಷದ ಬಹಳಷ್ಟು ಮಕ್ಕಳು ಶಾಲೆಗೆ ಸಿದ್ಧರಿರಲಿಲ್ಲ. ಅಧ್ಯಯನ ನಡೆದದ್ದು ಅಸ್ಸಾಂ, ರಾಜಸ್ಥಾನ ಮತ್ತು ಆಂಧ್ರ ತೆಲಂಗಾಣಗಳಲ್ಲಿ. ಕರ್ನಾಟಕ ಇರಲಿಲ್ಲ. ಆಂಧ್ರ ತೆಲಂಗಾಣದ್ದೇ 3 ಸಾವಿರ ಮಕ್ಕಳನ್ನು 2002ರಿಂದ ನೋಡುತ್ತಾ ಬಂದ ಯಂಗ್ ಲೈವ್ಸ್ ಅಧ್ಯಯನ ಇದೆ. ಬಹಳ ಅಮೂಲ್ಯವಾದದ್ದು. ಅದಕ್ಕೆ ಮುಖ್ಯವಾಗಿ ಹಣ ಕೊಟ್ಟದ್ದು ಬ್ರಿಟಿಷ್ ಸರ್ಕಾರ. ನಮ್ಮ ಮಕ್ಕಳ ಬಾಲ್ಯವನ್ನು ಅರಿಯಲು ಲಂಡನ್ನಿನ ಬೊಕ್ಕಸದಿಂದ ಹಣ ಬರಬೇಕಾಯಿತು ಎನ್ನುವುದು ನನ್ನನ್ನು ಕಾಡುತ್ತದೆ. ಅವರಿಗೆ ನಾವು ಋಣಿ. ಆದರೆ ಇದು ನಮ್ಮ ಕೆಲಸ.

ತಮಿಳುನಾಡಿನಲ್ಲಿ ಆದದ್ದನ್ನು ಮೇಲ್ವಿಚಾರಕಿಯರು ಕಿವಿಗೊಟ್ಟು ಕೇಳಬೇಕು. ಅಲ್ಲಿಯ ಸರ್ಕಾರದ ಜೊತೆ ಸೇರಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು 320 ಅಂಗನವಾಡಿಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟನ್ನು ಆರಿಸಿ, ಅಲ್ಲಿಗೆ ಅರ್ಧ ದಿನ ಬರೀ ಕಲಿಕೆ ನೋಡಿಕೊಳ್ಳುವ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಕಲಿಕೆಗೆ ಸಿಗುವ ಸಮಯ ಎರಡು ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಮಕ್ಕಳ ಭಾಷೆ, ಲೆಕ್ಕ ಎರಡೂ ಸುಧಾರಿಸಿದವು. ಅಷ್ಟೇ ಅಲ್ಲ, ಅಪೌಷ್ಟಿಕತೆಯೂ ಕಡಿಮೆಯಾಯಿತು. ಯಾಕೆಂದರೆ ಮೊದಲಿದ್ದ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಸಮಯ ಸಿಕ್ಕಿತು. ಬೇವಿನ ಗಿಡದ ಕೆಳಗೆ ಫೋನ್ ಹಿಡಿದು ನಿಂತಿದ್ದ ಆ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಆಕೆಗೆ ಇನ್ನೊಂದು ತರಬೇತಿ ಕೊಡುವುದಕ್ಕಿಂತ ಇನ್ನೊಂದು ಜೊತೆ ಕೈ ಕೊಡುವುದು ಒಳ್ಳೆಯದು ಎಂದು ನಾವೆಲ್ಲ ಬಾಯಲ್ಲಿ ಹೇಳುತ್ತಿದ್ದೆವು. ಈಗ ಅಂಕಿ ಸಹಿತ ಹೇಳಬಹುದು. ಹಣಕಾಸು ಇಲಾಖೆಯ ಮುಂದೆ ಅಂಕಿಗೆ ಇರುವ ತೂಕ ಅಳಲಿಗೆ ಇಲ್ಲ.

ಈಗ ನಮ್ಮ ರಾಜ್ಯದಲ್ಲಿ ದೊಡ್ಡ ದೊಡ್ಡ ತೀರ್ಮಾನಗಳು ಆಗುತ್ತಿರುವ ಕಾಲ. ಕೂಲಿ ತಾಯಂದಿರ ಮಕ್ಕಳಿಗಾಗಿ 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವ ಯೋಜನೆ 2023ರಲ್ಲಿ ಬಂತು. ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಬೇಕೋ, ಅಂಗನವಾಡಿಯನ್ನೇ ಬಲಪಡಿಸಬೇಕೋ ಎಂದು 2024ರಲ್ಲಿ ಬೀದಿಗಿಳಿದು ಹೋರಾಟವೇ ನಡೆಯಿತು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿದ್ದಿರಿ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ಕೊಟ್ಟ ವರದಿಯಲ್ಲಿ ಎರಡು ವರ್ಷದ ಪೂರ್ವ ಪ್ರಾಥಮಿಕವನ್ನು ಶಾಲಾ ರಚನೆಯೊಳಗೇ ಸೇರಿಸಿದೆ.

ಇಲ್ಲೊಂದು ವಿಷಯ ನೋಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಆ ಭಾಗದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದವು. ಆ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿ ನಮ್ಮ ಜಿಲ್ಲೆ ಬರುವುದಿಲ್ಲ. ಭೀಮಾ ನದಿಯ ಆ ದಂಡೆ ಅಫಜಲಪುರ, ಈ ದಂಡೆ ಇಂಡಿ, ಆಲಮೇಲ. ಒಂದೇ ಮಣ್ಣು, ಒಂದೇ ಮಾತು, ಬೀಗತನವೂ ಇದೆ. ಆ ದಂಡೆಯ ನಾಲ್ಕು ವರ್ಷದ ಮಗುವಿಗೆ ಶಾಲೆಯ ಎಲ್‌ಕೆಜಿಯ ದಾರಿ ತೆರೆದಿದೆ, ಈ ದಂಡೆಯದಕ್ಕೆ ಹೆಚ್ಚಾಗಿ ಅಂಗನವಾಡಿಯೇ. ಮೂರು ವರ್ಷ ಎರಡೂ ಕಡೆಯ ಮಕ್ಕಳನ್ನು ಜೊತೆಯಾಗಿ ನೋಡಿದರೆ, ನಾವು ಬೀದಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಗುತ್ತದೆ. ಸಂಶೋಧಕರು ಇಂಥ ಅವಕಾಶಕ್ಕಾಗಿ ಕಾಯುತ್ತಾರೆ. ನಮ್ಮ ಕಣ್ಣ ಮುಂದೆಯೇ ಇದೆ. ಈಗ ಶುರು ಮಾಡದಿದ್ದರೆ ನಾಳೆ ಎರಡೂ ಕಡೆ ಒಂದೇ ವ್ಯವಸ್ಥೆ ಬಂದುಬಿಡುತ್ತದೆ, ಹೋಲಿಸಲು ಏನೂ ಉಳಿಯುವುದಿಲ್ಲ.

ಯಾರು ಮಾಡಬೇಕು? ನಾವೇ. ವಿಜಯಪುರದ ಪಕ್ಕ ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಇದೆ, 2003ರಲ್ಲಿ ಶುರುವಾದದ್ದು, ಅಕ್ಕಮಹಾದೇವಿಯ ಹೆಸರಿನದು. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಜಮಖಂಡಿಯಲ್ಲಿ ಹೊಸ ಬಾಗಲಕೋಟೆ ವಿಶ್ವವಿದ್ಯಾಲಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ವಿಭಾಗ ಇದೆ. ಪ್ರತಿ ವರ್ಷ ಎಂ.ಎ., ಎಂ.ಎಡ್. ಮಾಡುವ ಹೆಣ್ಣುಮಕ್ಕಳು ನೂರಾರು. ಅವರಲ್ಲಿ ತಾಂಡಾದಿಂದ ಬಂದವರಿದ್ದಾರೆ, ಉರ್ದು ಮನೆಮಾತಿನವರಿದ್ದಾರೆ. ಹುಣಸೆ ಬೀಜದ ಆ ಹುಡುಗಿಯನ್ನು ಅವರು ಕೇಳಿದ್ದರೆ ಮೊದಲ ಸಲಕ್ಕೇ ಉತ್ತರ ಸಿಗುತ್ತಿತ್ತು.

ಜನ ಇದ್ದಾರೆ, ಹಣದ ದಾರಿ ಇಲ್ಲ. ಭಾರತೀಯ ಸಾಮಾಜಿಕ ವಿಜ್ಞಾನ ಸಂಶೋಧನಾ ಮಂಡಳಿ 1969ರಿಂದ ಇದೆ, ಅದು ಯೋಜನೆಗಳಿಗೆ ಹಣ ಕೊಡುತ್ತದೆ. ಆದರೆ ಎರಡು ವರ್ಷದ ಯೋಜನೆಯಲ್ಲಿ ಮೂರು ವರ್ಷದ ಮಗು ಐದಕ್ಕೆ ಬರುವಷ್ಟರಲ್ಲಿ ವರದಿ ಒಪ್ಪಿಸಬೇಕಾಗುತ್ತದೆ. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಬಂತು, ಐದು ವರ್ಷಕ್ಕೆ 50 ಸಾವಿರ ಕೋಟಿಯ ಗುರಿ. ಅದರಲ್ಲಿ ಬಹುಪಾಲು ಖಾಸಗಿಯವರಿಂದ ಬರಬೇಕೆಂಬ ಲೆಕ್ಕಾಚಾರ. ಖಾಸಗಿ ಕಂಪನಿ ಬ್ಯಾಟರಿಗೆ, ಔಷಧಿಗೆ ಹಣ ಹಾಕೀತು. ತಾಂಡಾದ ಮಗುವಿನ ಎಣಿಕೆಗೆ ಯಾರು ಹಾಕುತ್ತಾರೆ? ಇಲ್ಲಿ ಸರ್ಕಾರವೇ ಹಾಕಬೇಕು, ಬೇರೆ ಯಾರಿಗೂ ಇದರಿಂದ ಲಾಭ ಬರುವುದಿಲ್ಲ. ಲಾಭ ಬರುವುದು ಇಪ್ಪತ್ತು ವರ್ಷದ ಮೇಲೆ, ಎಲ್ಲರಿಗೂ.

ಎಷ್ಟು ಹಾಕಬೇಕು? ದೊಡ್ಡ ಮೊತ್ತ ಕೇಳುತ್ತಿಲ್ಲ. ಅಂಗನವಾಡಿ ಯೋಜನೆಯ ನೂರು ರೂಪಾಯಿಯ ಮೇಲೆ ಹತ್ತು ಪೈಸೆ. ಆಗಲೇ ಹೇಳಿದ 21,960 ಕೋಟಿಗೆ ಅದು ಸುಮಾರು 22 ಕೋಟಿ ಆಗುತ್ತದೆ. ಅದನ್ನು ಬೇರೆ ಲೆಕ್ಕಶೀರ್ಷಿಕೆಯಲ್ಲಿ ಇಡಬೇಕು, ಇಲ್ಲದಿದ್ದರೆ ಮಾರ್ಚ್ ಬಂದಾಗ ಕುರ್ಚಿ, ಬ್ಯಾಗ್ ಖರೀದಿಗೆ ಹೋಗಿಬಿಡುತ್ತದೆ. ಒಂದೊಂದು ಅಧ್ಯಯನಕ್ಕೆ ಕನಿಷ್ಠ ಎಂಟು ಹತ್ತು ವರ್ಷದ ಭರವಸೆ ಇರಬೇಕು. ಫಲಿತಾಂಶ ಏನೇ ಬಂದರೂ ಕನ್ನಡದಲ್ಲಿ ಪ್ರಕಟವಾಗಬೇಕು, ಮೊದಲ ಪ್ರತಿ ಆ ಊರಿನ ಬಾಲವಿಕಾಸ ಸಮಿತಿಗೆ ಹೋಗಬೇಕು. ಕಾರ್ಯಕರ್ತೆಯಿಂದ ಮಾಹಿತಿ ತೆಗೆದುಕೊಂಡರೆ ಆ ಸಮಯಕ್ಕೆ ಆಕೆಗೆ ದುಡ್ಡು ಕೊಡಬೇಕು. ಇನ್ನೊಂದು ರಿಜಿಸ್ಟರ್ ಆಕೆಯ ತಲೆ ಮೇಲೆ ಹೊರಿಸುವ ಸಂಶೋಧನೆ ನನಗೆ ಬೇಡ.

ಅಳತೆಯ ಸಾಧನಗಳನ್ನೂ ಇಲ್ಲೇ ಮಾಡಿಕೊಳ್ಳಬೇಕು. ಹೊರಗಿನಿಂದ ತಂದ ಚಿತ್ರದ ಕಾರ್ಡ್ ತೋರಿಸಿ ಹೆಸರು ಹೇಳು ಅಂದರೆ ನಮ್ಮ ಮಗು ಪೆಂಗ್ವಿನ್ ಮುಂದೆ ಸುಮ್ಮನಾಗುತ್ತದೆ. ಅದೇ ಮಗುವನ್ನು ಹಟ್ಟಿಗೆ ಕರೆದುಕೊಂಡು ಹೋಗಿ. ಎಮ್ಮೆ, ಮಣಕ, ಹೋರಿ, ಆಡು, ಟಗರು ಎಲ್ಲ ಬೇರೆ ಬೇರೆ ಎಂದು ವಿಂಗಡಿಸಿ ಹೇಳುತ್ತದೆ. ವಿಂಗಡಿಸುವ ಶಕ್ತಿಯನ್ನೇ ತಾನೆ ನಾವು ಅಳೆಯಬೇಕಾದದ್ದು?

ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. "ಮಕ್ಕಳಿಗೆ ಮೊಟ್ಟೆಗೇ ದುಡ್ಡು ಸಾಲುತ್ತಿಲ್ಲ, ಕಟ್ಟಡ ಸೋರುತ್ತಿದೆ, ಇಂಥ ಹೊತ್ತಿನಲ್ಲಿ ಸಂಶೋಧನೆಗೆ ಹಣ ಕೇಳುವುದು ಸರಿಯಾ?" ಪ್ರಾಮಾಣಿಕ ಪ್ರಶ್ನೆ. ಮೊಟ್ಟೆಯ ಹಣದಲ್ಲಿ ಒಂದು ಪೈಸೆಯನ್ನೂ ಮುಟ್ಟಬಾರದು. ನಾನು ಕೇಳುವುದು ಅದರ ಮೇಲೆ ಹೆಚ್ಚುವರಿ ಹಣ. ಆದರೆ ಇದನ್ನೂ ನೋಡಿ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ ಬಂದಾಗ 6ರಿಂದ 14 ವರ್ಷದವರಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಆರು ವರ್ಷದೊಳಗಿನವರು 45ನೇ ವಿಧಿಯಲ್ಲಿ, ಸರ್ಕಾರ ಪ್ರಯತ್ನಿಸಬೇಕು ಎಂಬ ಮಾತಿನಲ್ಲಿ ಉಳಿದರು. ಹಕ್ಕಾಗಿ ಬರದದ್ದನ್ನು ಪ್ರತಿ ಬಜೆಟ್‌ನಲ್ಲೂ ವಾದಿಸಿ ಪಡೆಯಬೇಕು. ಇನ್ನೊಬ್ಬ ಕಾರ್ಯಕರ್ತೆ ಬೇಕು, ಸೋರದ ಕಟ್ಟಡ ಬೇಕು, ಲಂಬಾಣಿ ಬಲ್ಲ ಸಹಾಯಕಿ ಬೇಕು ಎಂದು ವಾದಿಸುವಾಗ ನಮ್ಮ ಕೈಯಲ್ಲಿ ನಮ್ಮ ಜಿಲ್ಲೆಯ ಅಂಕಿ ಇರಬೇಕು. ತಮಿಳುನಾಡಿನ ಅಂಕಿ ತೋರಿಸಿದರೆ "ಅದು ಅಲ್ಲಿಯದು" ಎಂದು ಬದಿಗಿಡುತ್ತಾರೆ.

ಒಪ್ಪಿಗೆಯ ಬಗ್ಗೆ ಒಂದು ಮಾತು, ವಿದ್ಯಾರ್ಥಿಗಳಿಗೆ. ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಸಿಕ್ಕಿತು ಅಂದುಕೊಳ್ಳಬೇಡಿ. ಯಾಕೆ ಬಂದಿದ್ದೀರಿ, ಏನು ಕೇಳುತ್ತೀರಿ, ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಅವರ ಮಾತಿನಲ್ಲೇ ಹೇಳಿ. ಬೇಡ ಅಂದರೆ ರೇಷನ್ ನಿಲ್ಲುವುದಿಲ್ಲ ಎಂದು ಬಿಡಿಸಿ ಹೇಳಿ. ಮಗು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ದಿನ ಹೋಗಿ.

ಮೇಲ್ವಿಚಾರಕಿಯರಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ವೃತ್ತದಲ್ಲಿ ಮನೆಮಾತು ಕನ್ನಡ ಅಲ್ಲದ ಮಕ್ಕಳು ಎಷ್ಟು, ಕಬ್ಬಿನ ಹಂಗಾಮಿಗೆ ಊರು ಬಿಡುವ ಮಕ್ಕಳು ಎಷ್ಟು ಎಂದು ಈ ದೀಪಾವಳಿಯೊಳಗೆ ಒಂದು ಪಟ್ಟಿ ಮಾಡಿ. ಹೆಸರು ಬೇಡ, ಸಂಖ್ಯೆ ಸಾಕು. ಅದನ್ನು ಜಿಲ್ಲಾ ಪಂಚಾಯಿತಿಗೂ ಮಹಿಳಾ ವಿಶ್ವವಿದ್ಯಾಲಯಕ್ಕೂ ಕೊಡೋಣ, ಅದರ ಮೇಲೆ ಅಧ್ಯಯನದ ಪ್ರಸ್ತಾವನೆ ಬರೆದು ಬಜೆಟ್ ತಯಾರಿ ಶುರುವಾಗುವ ಮೊದಲೇ ಬೆಂಗಳೂರಿಗೆ ಕಳಿಸೋಣ. ಬರೆಯುವ ಕೆಲಸಕ್ಕೆ ನಾನು ಕೂರುತ್ತೇನೆ. ಬಿ.ಎಡ್. ವಿದ್ಯಾರ್ಥಿಗಳಲ್ಲಿ ಲಂಬಾಣಿ, ಮರಾಠಿ, ಉರ್ದು ಬಲ್ಲವರು ಇವತ್ತೇ ಹೆಸರು ಕೊಟ್ಟು ಹೋಗಿ.